ಗಾಡಿ ನಮ್ದು, ಎಣ್ಣಿ ನೋಡೂದು ಯಾರು?

ಹೋದ ತಿಂಗಳ ನಮ್ಮ ಮನೆತನದ ವಾಟ್ಸಾಪ್ ಗುಂಪಿನ್ಯಾಗ ಬಂದ ವಿಡಿಯೋ ನೀವೂ ಭಾಳ ಮಂದಿ ನೋಡೀರಿ. ಅಮೆರಿಕಾದಾಗಿರೂ ನಮ್ಮ ನಾದಿನಿ ಮಗಾ ತನ್ನ ಕೆಂಪ ಮಸ್ಟ್ಯಾಂಗ್ ಕಾರಿನ ಬುಡಕ ಅಂಗಾತ ಮಲಕೊಂಡು ಎಂಜಿನ್ ಆಯಿಲ್ ಬದಲಿ ಮಾಡಾಕತ್ತಾನ. ಮಾರಿಗೆ ಎರಡು ಹನಿ ಕರೆ ಎಣ್ಣಿ ಸಿಡದೇತಿ, ನಕ್ಕೋತ ಕೈ ತೋರಸ್ತಾನ. ಅದರ ಕೆಳಗ ಬಂದ ಮಾತು ಎರಡ ನಮೂನಿ. ಒಂದು, "ಇಷ್ಟ ಸಾಲಿ ಕಲತು, ಇಷ್ಟ ತುಟ್ಟಿ ಗಾಡಿ ತಗೊಂಡು, ಅದರ ಬುಡಕ ಬಿದ್ದ ಒದ್ದಾಡೂ ಹಣೆಬಾರ ಯಾಕ ಬಂತಪಾ ನಿನಗ?" ಇನ್ನೊಂದು, "ಗಂಡಮಗ ಅಂದ್ರ ಹಿಂಗಿರಬೇಕು." ನನಗ ಎರಡೂ ಮಾತು ಮನಸಿಗೆ ಬರಲಿಲ್ಲ. ಗುಂಪಿನ್ಯಾಗ ಹೇಳಿದ್ರ ಜಗಳ ಹತ್ತೇತಿ, ಅದಕ್ಕ ಇಲ್ಲಿ ಬರ್ಯಾಕತ್ತೀನಿ.

ನಾ ಹೇಳೂದು ಇಷ್ಟ ಐತ್ರಿ. ಗಾಡಿ ಹೊಡಿಯೂ ಕೈ ಯಾವುದೋ, ಅದರ ಎಣ್ಣಿ ನೋಡೂ ಕೈನೂ ಅದ ಆಗಬೇಕು. ನಮ್ಮ ಕಡೆ ಈಗ ಸ್ಕೂಟಿ ಹೊಡಿಯೂ ಕೈ ನಮ್ಮದು. ಚಿಕ್ಕೋಡಿ ಬಸ್ ಸ್ಟ್ಯಾಂಡ್ ಮುಂದ ಮುಂಜಾನೆ ಒಂಬತ್ತಕ್ಕ ಒಂದು ಹತ್ತ ನಿಮಿಷ ನಿಂತ ನೋಡ್ರಿ: ಸಾಲಿಗೆ ಹೋಗೂ ಟೀಚರಬಾಯಾರು, ಅಂಗನವಾಡಿಯಾಕಿ, ಆಶಾ, ಬ್ಯಾಂಕಿನಾಕಿ, ಮೊಮ್ಮಗನ್ನ ಹಿಂದ ಕುಂಡ್ರಿಸಿಕೊಂಡ ಹೊಂಟ ಆಯಿ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಾ ಕಡೆ ಇದ ಚಿತ್ರ. ಪೆಟ್ರೋಲ್ ನಾವ ಹಾಕಸ್ತೀವಿ, ಗಾಳಿ ನಾವ ಹೊಡಸ್ತೀವಿ, ಇನ್ಶೂರೆನ್ಸ್ ತೀರೂ ತಾರೀಖ ನಮಗ ನೆನಪಿರ್ತೇತಿ. ಎಣ್ಣಿ ಮಾತು ಬಂತಂದ್ರ ಮಾತ್ರ "ಅದು ಅವರಿಗೆ ಗೊತ್ತ ನೋಡ್ರಿ" ಅಂತ ಮನಿಯವರ ಕಡೆ ಬೊಟ್ಟ ತೋರಸ್ತೀವಿ. ಅವರು ತಮ್ಮ ಬುಲೆಟ್ಟಿನ ಎಣ್ಣಿ ನೋಡ್ಕೊಂಡಿರ್ತಾರ. ನಮ್ಮ ಗಾಡೀದು "ನೋಡೋಣಂತ" ಅನ್ನೋದರಾಗ ವರ್ಷ ದಾಟತೇತಿ.

ಮೊದಲ ಆ ಹುಡುಗನ ಗಾಡಿ ಮಾತು ಮುಗಿಸ್ತೀನಿ, ಯಾಕಂದ್ರ ಭಾಳ ಮಂದಿ ಕೇಳೀರಿ ಅಲ್ಲಿ ಗ್ಯಾರೇಜ ಇಲ್ಲೇನು ಅಂತ. ಇದಾವ. ಆದರ ಅಲ್ಲಿ ಕೂಲಿ ತುಟ್ಟಿ, ಮ್ಯಾಲ ತನ್ನ ಗಾಡಿ ತಾ ನೋಡಿಕೊಳ್ಳೂದು ಅಲ್ಲಿ ಮಂದಿಗೆ ಒಂದು ಹೆಮ್ಮಿ. ಅವಂದು 2016ರ ಮಾಡೆಲ್, ಎಂಟ ಸಿಲಿಂಡರಿನ 5 ಲೀಟರ್ ಎಂಜಿನ್. ಅದಕ್ಕ ಒಮ್ಮೆ ಹಾಕೂ ಎಣ್ಣಿ ಏಳೂವರಿ ಲೀಟರ್ ಮ್ಯಾಲ, ನಾಕ ಮಂದಿ ಮನಿಗೆ ಎರಡ ತಿಂಗಳ ಅಡಗಿಗೆ ಆಗೂವಷ್ಟು. ಓಟದ ಗಾಡಿ ನೆಲಕ್ಕ ಹತ್ತಿ ಇರ್ತೇತಿ, ಕೆಳಗ ಕೈ ಹೋಗೂದಿಲ್ಲ. ಅದಕ್ಕ ಮೊದಲ ಇಳಕಲ ಹಲಿಗಿ ಮ್ಯಾಲ ಹತ್ತಸ್ತಾರ, ಇಲ್ಲಾ ಜಾಕ್ ಹಚ್ಚಿ ಎತ್ತಿ ಅದರ ಬುಡಕ ಕಬ್ಬಿಣದ ಸ್ಟ್ಯಾಂಡ್ ಕೊಡ್ತಾರ. ಬರೇ ಜಾಕ್ ಮ್ಯಾಲ ನಿಂತ ಗಾಡಿ ಬುಡಕ ಅಂವ ಹೋಗೂದಿಲ್ಲ, ನಾ ಫೋನ್ ಮಾಡಿ ಕೇಳ್ಕೊಂಡೇನಿ. ನೀವೂ ನಿಮ್ಮ ಹುಡುಗರಿಗೆ ಇದೊಂದ ಮಾತು ಗಟ್ಟಿಸಿ ಹೇಳ್ರಿ, ಸ್ವಿಫ್ಟ್ ಇರಲಿ ಬೊಲೇರೋ ಇರಲಿ, ಜಾಕ್ ಜಾರಿದ್ರ ಹೋಗೂದು ಜೀವಾನ. ಉಳಿದದ್ದು ಎಲ್ಲಾ ಗಾಡಿಗೂ ಒಂದ: ಕೆಳಗಿನ ಬೋಲ್ಟ್ ಬಿಚ್ಚು, ಹಳೇದು ಇಳಿಸು, ಫಿಲ್ಟರ್ ಬದಲಿಸು, ಬೋಲ್ಟ್ ಕೂಡಿಸು, ಹೊಸಾದು ಅಳತಿ ಮಾಡಿ ಹಾಕು. ಓಟದ ಗಾಡಿ ಅಂತ ಅದರಾಗ ಮಂತ್ರ ಏನಿಲ್ಲ.

ಇನ್ನ "ಗಂಡಮಗ" ಅನ್ನೂ ಮಾತು. ಮೋಟರ್ ಗಾಡಿ ತಗೊಂಡು ಜಗತ್ತಿನ್ಯಾಗ ಮೊದಲ ದೂರದ ಊರಿಗೆ ಹೋಗಿ ಬಂದಾಕಿ ಒಬ್ಬಾಕಿ ಹೆಣ್ಣಮಗಳು, ಬರ್ಥಾ ಬೆಂಜ್. 1888ರ ಆಗಸ್ಟ್ ದಾಗ, ಗಂಡಗ ಹೇಳಲಾರದ, ಇಬ್ಬರ ಗಂಡಹುಡುಗರನ್ನ ಕೂಡಿಸಿಕೊಂಡು, ಜರ್ಮನಿಯ ಮ್ಯಾನ್‌ಹೈಮ್‌ದಿಂದ ತವರಮನಿ ಫೋರ್ಟ್ಸ್‌ಹೈಮ್‌ಗೆ ಹೋದಳು. ನೂರ ಕಿಲೋಮೀಟರ್ ಮ್ಯಾಲ ದಾರಿ; ನಮ್ಮ ಲೆಕ್ಕದಾಗ ನಿಪ್ಪಾಣಿ ಬಿಟ್ಟು ಬೆಳಗಾವಿ ದಾಟಿ ಕಿತ್ತೂರಿನ ಕಡೆ ಅರ್ಧಾ ದಾರಿ. ಪೆಟ್ರೋಲ್ ಪಂಪ್ ಅನ್ನೂದ ಇರದ ಕಾಲ, ಔಷಧದ ಅಂಗಡ್ಯಾಗ ಇಂಧನ ಕೊಂಡಳು. ಇಂಧನದ ನಳಿಗಿ ಕಟ್ಟಿಗೊಂಡಾಗ ಟೊಪ್ಪಿಗಿಯ ಸೂಜಿ ತಗದು ಚುಚ್ಚಿ ಸ್ವಚ್ಛ ಮಾಡಿದಳು. ಬ್ರೇಕಿನ ಕಟ್ಟಿಗಿ ಸವದಾಗ ಚಮ್ಮಾರಣ್ಣನ ಕಡೆ ಚರ್ಮ ಬಡಿಸಿಕೊಂಡಳು. ಗಂಡ ಕಾರ್ಲ್ ಬೆಂಜ್ ಗಾಡಿ ಮಾಡಿದ್ದ ಖರೆ, ಅದು ಊರಿಂದ ಊರಿಗೆ ಹೋಗತೇತಿ ಅಂತ ಮಂದಿಗೆ ತೋರಿಸಿದಾಕಿ ಈಕಿ. ತವರಮನಿಗೆ ಹೋಗೂದಂದ್ರ ನಮಗೂ ಅಷ್ಟ ಧೈರ್ಯ ಬರ್ತೇತಿ ಬಿಡ್ರಿ.

ನಿಪ್ಪಾಣಿಯೊಳಗ ಕಣ್ಣ ಮುಚ್ಚಿ ಬೀಡಿ ಸುತ್ತೂ ಬೆರಳು, ಅಥಣಿಯೊಳಗ ಚರ್ಮದ ಚಪ್ಪಲಿಗೆ ಹೆಣಿಗಿ ಹಾಕೂ ಬೆರಳು ನಮ್ಮ ಹೆಣ್ಣಮಕ್ಕಳದು. ಆ ಬೆರಳಿಗೆ ಒಂದು ಬೋಲ್ಟ್ ಬಿಚ್ಚೂದು ಆಗೂದಿಲ್ಲ ಅಂದ್ರ ನಾ ನಂಬೂದಿಲ್ಲ.

ಆದರ ನಾ ಹೆಮ್ಮಿ ಸಲುವಾಗಿ ಹೇಳಾಕತ್ತಿಲ್ಲ. ನಮ್ಮ ಓಣ್ಯಾಗ ಒಬ್ಬರು ಟೀಚರಬಾಯಿ ಅದಾರ, ಹೆಸರು ಬ್ಯಾಡ. ದಿನಾ ಇಪ್ಪತ್ತೈದ ಕಿಲೋಮೀಟರ್ ಹೋಗಿ ಬರೂ ಸಾಲಿ. ಹೋದ ವರ್ಷ ದೀಪಾವಳಿಗಿಂತ ಮೊದಲ ಗಾಡಿ ಸರ್ವಿಸ್ ಮಾಡಿಸಿದ್ರು, ಬಿಲ್ಲಿನ್ಯಾಗ "ಎಂಜಿನ್ ಆಯಿಲ್" ಅಂತ ಬರದಿತ್ತು, ರೊಕ್ಕಾ ಕೊಟ್ಟಿದ್ರು. ಎರಡ ತಿಂಗಳಿಗೆ, ಒಂದಿನ ಸಾಲಿ ಬಿಟ್ಟ ಬರೂಮುಂದ, ಕಬ್ಬಿನ ಹೊಲದ ನಡುವ ಗಾಡಿ ಕರ್ ಕರ್ ಅಂತು, ನಿಂತ ಬಿಟ್ಟಿತು. ಕಿಕ್ ಕೆಳಗ ಇಳಿಯವಲ್ದು. ಹೊತ್ತ ಮುಳುಗೇತಿ, ಅತ್ತಿತ್ತ ಕಬ್ಬು ಎದಿಯುದ್ದ ಅಲ್ಲ, ಆಳೆತ್ತರ. ಫೋನಿಗೆ ರೇಂಜಿಲ್ಲ. ಅರ್ಧಾ ತಾಸ ಆದ ಮ್ಯಾಲ ಒಂದು ಟ್ರ್ಯಾಕ್ಟರ್ ಬಂತು, ಅದರಾಗ ಇಬ್ಬರು ಹೆಣ್ಣಾಳು ಇದ್ರು, ಪುಣ್ಯಾ. ಮರದಿನ ಬ್ಯಾರೆ ಮೇಸ್ತ್ರಿ ಎಂಜಿನ್ ಬಿಚ್ಚಿದ್ರ ಒಳಗ ಎಣ್ಣಿ ಅಂತ ಇದ್ದದ್ದು ನಾಕ ಚಮಚ, ಅದೂ ಡಾಂಬರ್ ಆಗಿತ್ತು. ಮೊದಲಿನಂವ ಬೇಕಂತ ಮಾಡಿದ್ನೋ, ಗದ್ದಲದಾಗ ಮರತನೋ, ದೇವರಿಗೆ ಗೊತ್ತು. ಬಾಯಾರ ಅರ್ಧಾ ಪಗಾರ ರಿಪೇರಿಗೆ ಹೋತು. ಅದಕ್ಕಿಂತ ಹೆಚ್ಚು, ಆ ಕಬ್ಬಿನ ನಡುವಿನ ಅರ್ಧಾ ತಾಸ ಅವರ ಮನಸಿನ್ಯಾಗಿಂದ ಹೋಗಿಲ್ಲ, ಇನ್ನೂ ಬಸ್ಸಿಗೆ ಹೋಗಾಕತ್ತಾರ.

ಅವರ ಗಾಡ್ಯಾಗ ಎಣ್ಣಿ ಐತೋ ಇಲ್ಲೋ ಅನ್ನೂದು ನೋಡಾಕ ಒಂದು ನಿಮಿಷ ಹಿಡಿತಿತ್ತು. ಕಾರಿನ್ಯಾಗ ಎಣ್ಣಿದು ಕೆಂಪ ದೀಪ ಇರ್ತೇತಿ, ನಮ್ಮ ಭಾಳಷ್ಟು ಸ್ಕೂಟರಿಗೆ ಅದೂ ಇಲ್ಲ. ಇರೂದು ಒಂದ ಕಡ್ಡಿ. ಡಿಪ್‌ಸ್ಟಿಕ್ ಅಂತಾರ, ನಾ ಎಣ್ಣಿಕಡ್ಡಿ ಅಂತೀನಿ. ಎಂಜಿನ್ ಬಾಜೂಕ, ಕೆಳಗ, ತಿರುವಿ ತಗಿಯೂ ಪ್ಲಾಸ್ಟಿಕ್ ಮುಚ್ಚಳ ಇರ್ತೇತಲ್ಲ, ಅದಕ್ಕ ಹತ್ತಿರೂ ಕಡ್ಡಿನ ಅದು. ಗಾಡಿ ಸಪಾಟ ನೆಲದ ಮ್ಯಾಲ ನಡುವಿನ ಸ್ಟ್ಯಾಂಡಿಗೆ ಹಚ್ಚಿ, ಮೂರ ನಾಕ ನಿಮಿಷ ಚಾಲೂ ಇಟ್ಟು, ಬಂದ್ ಮಾಡಿ ಎರಡ ಮೂರ ನಿಮಿಷ ಬಿಡಬೇಕು. ಕಡ್ಡಿ ತಗದು ಹಳೆ ಅರಬಿಲೆ ಒರಸಿ, ಹೊಳ್ಳಿ ಒಳಗ ಇಟ್ಟು, ತಗದ ನೋಡಬೇಕು. ಆಕ್ಟಿವಾದಾಗ ತಿರುವಿ ಬಿಗಿ ಮಾಡಬಾರದು, ಬರೇ ಇಡಬೇಕು. ತಿರುವಿದ್ರ ಅಳತಿ ತಪ್ಪತೇತಿ. ಕಡ್ಡಿ ಮ್ಯಾಲ ಎರಡ ಗುರುತು ಅದಾವು, ಎಣ್ಣಿ ಅವೆರಡರ ನಡುವ ಇರಬೇಕು. ತಿಂಗಳಿಗೊಮ್ಮೆ ಸಾಕು. ಅಮಾಸಿಗೆ ಗಾಡಿ ಪೂಜಿ ಮಾಡಿ ನಿಂಬಿಹಣ್ಣು ಕಟ್ಟತೀವಲ್ಲ, ಅವತ್ತ ಕಡ್ಡಿನೂ ತಗದ ನೋಡ್ರಿ, ಮರಿಯೂದಿಲ್ಲ.

ಇನ್ನೊಂದು ಮಾತು ನಮಗ ಯಾರೂ ಹೇಳಿಲ್ಲ. "ನನ್ನ ಗಾಡಿ ಓಡೂದ ಕಡಿಮಿ, ವರ್ಷಕ್ಕ ಎರಡ ಸಾವಿರ ಕಿಲೋಮೀಟರ್ ಸುದ್ದಾ ಆಗೂದಿಲ್ಲ, ಎಣ್ಣಿ ಯಾಕ ಬದಲಿಸಲಿ?" ಅಂತ ಮಾವಶಿ ಕೇಳಿದ್ರು. ಹೆಣ್ಣಮಕ್ಕಳ ಗಾಡಿ ಓಡೂ ರೀತಿನ ಬ್ಯಾರೆ ಐತ್ರಿ. ಸಾಲಿಗೆ ಒಂದ ಕಿಲೋಮೀಟರ್, ಹೊಳ್ಳಿ ಮನಿ, ಕಾಯಿಪಲ್ಯಾಕ ಒಂದೂವರಿ, ದವಾಖಾನಿಗೆ ಎರಡು. ಎಂಜಿನ್ ಪೂರ್ತಿ ಬಿಸಿ ಆಗೂದರಾಗ ಬಂದ್ ಮಾಡಿರ್ತೀವಿ. ಒಳಗ ಹುಟ್ಟಿದ ನೀರಿನ ಹಬಿ, ಸುಡಲಾರದ ಪೆಟ್ರೋಲು ಹೊರಗ ಹೋಗಾಕ ಬಿಸಿ ಸಾಲೂದಿಲ್ಲ, ಎಣ್ಣ್ಯಾಗ ಉಳೀತಾವು. ಹಂಗಾಗಿ ಕಡಿಮಿ ಓಡಿದ ಗಾಡಿ ಎಣ್ಣಿ ಕೆಡೂದಿಲ್ಲ ಅನ್ನೂದು ತಪ್ಪು. ಗಾಡಿ ಪುಸ್ತಕದಾಗ ಕಿಲೋಮೀಟರ್ ಜೊತಿಗೆ ತಿಂಗಳದ ಲೆಕ್ಕಾನೂ ಬರದಿರ್ತಾರ, ಯಾವುದು ಮೊದಲ ಬರ್ತೇತೋ ಅದು. ಆ ಪುಸ್ತಕ ಪಾಲಿಥಿನ್ ಸಮೇತ ಕಪಾಟಿನ್ಯಾಗ ಸೀರಿ ಬುಡಕ ಐತಿ, ತಗೀರಿ ಅದನ್ನ.

ಮತ್ತ ಎಣ್ಣಿ ಕರ್ರಗಾತು ಅಂದ ಕೂಡ್ಲೆ ಕೆಟ್ಟಿತು ಅಂತಲೂ ಅಲ್ಲ. ಎಂಜಿನ್ ಎಣ್ಣ್ಯಾಗ ಹೊಲಸ ತೊಳಿಯೂ ಸಾಬಾನಿನಂಥಾ ಸಾಮಾನ ಕೂಡಿಸಿರ್ತಾರ. ಒಳಗಿನ ಮಸಿ ಅಲ್ಲೇ ಅಂಟಲಾರದಂಗ ಎಣ್ಣಿ ಅದನ್ನ ತನ್ನೊಳಗ ಹಿಡಕೋತೇತಿ, ಅದಕ್ಕ ಕರೆ ಆಗ್ತೇತಿ. ಬಟ್ಟಿ ತೊಳದ ನೀರು ಕೆಂಪಾತಂದ್ರ ಸಾಬಾನ ಕೆಲಸಾ ಮಾಡೇತಿ ಅಂತಲ್ಲೇನು? ಆದರ ಆ ನೀರು ಎಷ್ಟ ಬಟ್ಟಿಗೆ ಬಂದೀತು? ಅಷ್ಟ ಲೆಕ್ಕಾ.

ಎಣ್ಣಿ ಆರಿಸೂದು ನಮಗಿಂತ ಚೊಲೋ ಯಾರಿಗೆ ತಿಳಿಬೇಕು? ಒಗ್ಗರಣಿಗೆ ಯಾವುದು, ಕರಿಯಾಕ ಯಾವುದು, ಹಚ್ಚಿದ ಅವಲಕ್ಕಿ ಮ್ಯಾಲ ಹಸಿ ಕುಸುಬಿ ಎಣ್ಣಿ ಯಾಕ, ಎಲ್ಲಾ ಗೊತ್ತೈತಿ. ಡಬ್ಬಿ ಮ್ಯಾಲ "10ಡಬ್ಲ್ಯೂ-30" ಅಂತ ಇರ್ತೇತಲ್ಲ, ಅದರಾಗ ಡಬ್ಲ್ಯೂ ಅಂದ್ರ ಥಂಡಿಕಾಲ. ಮುಂದಿನ ಅಂಕಿ ಥಂಡ್ಯಾಗ ಎಷ್ಟ ಸರಳ ಹರಿತೇತಿ ಅಂತ ಹೇಳತೇತಿ, ಕಡಿಮಿ ಇದ್ದಷ್ಟು ಥಂಡ್ಯಾಗ ತೆಳು. ಹಿಂದಿನ ಅಂಕಿ ಎಂಜಿನ್ ಬಿಸಿ ಆದ ಮ್ಯಾಲ ಎಷ್ಟ ದಪ್ಪ ಉಳೀತೇತಿ ಅಂತ. ಆ ಹುಡುಗನ ಓಟದ ಗಾಡಿಗೆ ಕಂಪನಿ ಹೇಳಿದ್ದು 5ಡಬ್ಲ್ಯೂ-20, ನಮ್ಮ ಸ್ಕೂಟರಿಗಿಂತ ತೆಳು. ಅಂದ್ರ ದೊಡ್ಡ ಗಾಡಿಗೆ ದಪ್ಪ ಎಣ್ಣಿ ಅನ್ನೂ ನಮ್ಮ ಕಡೆ ಮಾತು ಸುಳ್ಳು. ಇನ್ನೊಂದು ಗುರುತು ಜಾಸೋ ಅಂತ. ಗಂಡಸರ ಬೈಕಿನ್ಯಾಗ ಕ್ಲಚ್ ಸುದ್ದಾ ಅದ ಎಣ್ಣ್ಯಾಗ ಮುಳುಗಿರ್ತೇತಿ, ಅದಕ್ಕ "ಎಮ್‌ಎ" ಬೇಕು. ಸ್ಕೂಟರಿನ ಕ್ಲಚ್ ಒಣಗಿಂದು, ಅದಕ್ಕ "ಎಮ್‌ಬಿ" ನಡಿತೇತಿ. ಕಾರಿಗೆ ತಂದು ಉಳಿದ ಎಣ್ಣಿ ಬೈಕಿಗೆ ಸುರುವಿದ್ರ ಕ್ಲಚ್ ಜಾರತೇತಿ. "ಮನ್ಯಾಗ ಅರ್ಧಾ ಡಬ್ಬಿ ಐತಿ, ಅದನ್ನ ಹಾಕು" ಅನ್ನೂವರಿಗೆ ಇದನ್ನ ಹೇಳ್ರಿ.

ಇನ್ನ ಬದಲಿ ಮಾಡೂದು. ಹೊಸಾ ಗಾಡಿ, ಫ್ರೀ ಸರ್ವಿಸ್ ಕೂಪನ್ ಉಳದಾವು ಅಂದ್ರ ಮನ್ಯಾಗ ಕೈ ಹಚ್ಚಬ್ಯಾಡ್ರಿ, ಶೋರೂಮಿನ್ಯಾಗ ಮಾಡಸ್ರಿ, ಸನೇಕ ನಿಂತ ನೋಡ್ರಿ. ವಾರಂಟಿ ಮುಗದ ಗಾಡಿಗೆ ನಮ್ಮ ಅಂಗಳ ಸಾಕು. ಬೇಕಾಗೂದು ಅಳತಿಗೆ ಸರಿ ಆಗೂ ಒಂದು ಪಾನಾ, ಹಳೆ ಬೋಗುಣಿ, ಒಂದು ಗರಣಿ, ಗುರುತಿದ್ದ ಅಳತಿ ಗ್ಲಾಸ್, ರಬ್ಬರ್ ಕೈಚೀಲ, ಬೋಲ್ಟಿನ ಹೊಸಾ ವಾಶರ್. ವಾಶರ್ ಐದ ಹತ್ತ ರೂಪಾಯಿದು, ಹಳೇದನ್ನ ಹಾಕಿ ಉಳಿಸಾಕ ಹೋಗಬ್ಯಾಡ್ರಿ, ಹನಿ ಹನಿ ಸೋರತೇತಿ. ಗಾಡಿ ತುಸು ಬೆಚ್ಚಗ ಮಾಡ್ರಿ, ಎಣ್ಣಿ ತೆಳುವಾಗಿ ಹೊಲಸ ಸಮೇತ ಇಳಿತೇತಿ. ಕಾಯ್ದದ್ದ ಬ್ಯಾಡ, ಕೈ ಸುಡತೇತಿ. ಸೈಲೆನ್ಸರ್ ಬಾಜೂ ಸೀರಿ ಸೆರಗು, ಚೂಡಿದಾರದ ವೇಲ್ ಜ್ವಾಕಿ.

ಒಂದು ಜಾಗಾದಾಗ ಮಾತ್ರ ಎಲ್ಲಾರೂ ಎಡವತಾರ, ಅದನ್ನ ಸಾವಕಾಶ ಓದ್ರಿ. ಸ್ಕೂಟರಿನ ಕೆಳಗ ಎಣ್ಣಿ ಇಳಿಸೂ ಬೋಲ್ಟ್ ಎರಡ ಇರ್ತಾವು. ಒಂದು ಎಂಜಿನ್ ಎಣ್ಣಿದು, ಇನ್ನೊಂದು ಹಿಂದಿನ ಗಾಲಿ ಸನೇಕ ಗೇರ್ ಎಣ್ಣಿದು. ಗೇರಿನ ಎಣ್ಣಿ ಒಂದು ಸಣ್ಣ ಚಹಾ ಕಪ್ಪಿನಷ್ಟ, ಎಂಜಿನ್ನಿಂದು ಮುಕ್ಕಾಲ ಲೀಟರಿನ ಆಸುಪಾಸು. ಗೇರಿಂದು ಬಿಚ್ಚಿ ಎಂಜಿನ್ನಿಂದು ಬಿಚ್ಚೀನಿ ಅಂತ ತಿಳಕೊಂಡು ಮ್ಯಾಲ ಹೊಸಾ ಎಣ್ಣಿ ಸುರುವಿದ್ರ ಏನಾಗ್ತೇತಿ? ಗೇರ್ ಒಣಾ, ಎಂಜಿನ್ನಿಗೆ ಎರಡ ಪಟ್ಟು. ಬೋಗುಣ್ಯಾಗ ಒಂದ ಕಪ್ಪಿನಷ್ಟ ಬಿದ್ದು ನಿಂತಿತು ಅಂದ್ರ ನೀವು ತಪ್ಪು ಬೋಲ್ಟ್ ಬಿಚ್ಚೀರಿ ಅಂತ ತಿಳೀರಿ, ಅಲ್ಲೇ ನಿಂದರ್ರಿ. ಪುಸ್ತಕದಾಗ ಚಿತ್ರ ಐತಿ, ಮೊದಲನೇ ಸಲ ಅದನ್ನ ಬಾಜೂಕ ಇಟ್ಕೊಂಡ ಮಾಡ್ರಿ.

ಬೋಲ್ಟ್ ಹೊಳ್ಳಿ ಹಾಕೂಮುಂದ ಮೊದಲ ಬೆರಳಲೆ ತಿರುವ್ರಿ. ನಾಕ ಸುತ್ತ ಸರಳ ಹೋದ್ರ ಆಟಿ ಸರಿ ಕೂತಾವು ಅಂತ ಅರ್ಥ, ಆ ಮ್ಯಾಲ ಪಾನಾ. ಎಂಜಿನ್ನಿಂದು ಅಲ್ಯುಮಿನಿಯಂ, ಬೋಲ್ಟ್ ಉಕ್ಕು. ಗಂಡಸರು ಕಾಲ ಕೊಟ್ಟ ಒತ್ತತಾರ, ಆಟಿ ಹರದು ಹೋಗತಾವು, ಮುಂದ ದೊಡ್ಡ ಖರ್ಚು. ಇಲ್ಲಿ ನಮ್ಮ ಕೈ ಹಗರ ಇರೂದ ಚೊಲೋ ಆತು. ಎಣ್ಣಿ ಹಾಕೂದೂ ಹಂಗ, ಪುಸ್ತಕದಾಗ ಬರದಷ್ಟ. ಒಂದು ಹನಿ ಹೆಚ್ಚಿಗಿ ಇರಲಿ ಅಂತ ಮನಿಗೆ ಬಂದವರಿಗೆ ತುಪ್ಪಾ ಸುರುವಿದಂಗ ಸುರುವಬ್ಯಾಡ್ರಿ, ಹೆಚ್ಚಾದ್ರೂ ಎಂಜಿನ್ನಿಗೆ ಕೆಡಕ. ಚಾಲೂ ಮಾಡಿ, ಬಂದ್ ಮಾಡಿ, ಕಡ್ಡಿ ನೋಡಿ, ಕೆಳಗ ಸೋರಾಕತ್ತಿಲ್ಲ ಅಂತ ನೋಡಿದ್ರ ಮುಗೀತು. ತಾರೀಖು, ಮೀಟರಿನ ಅಂಕಿ ಎರಡನ್ನೂ ಹಾಲಿನ ಲೆಕ್ಕದ ಕ್ಯಾಲೆಂಡರ್ ಮ್ಯಾಲ ಬರೀರಿ.

ನಮ್ಮ ಕಡೆ ಇದಕ್ಕ ಇನ್ನೊಂದು ಕಾರಣ ಐತಿ, ಹೊಳಿ. 2005, 2019, 2021, ಯಾರೂ ಮರತಿಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ಒಮ್ಮೆ ಏರಿದ್ವು. 2019ರ ಆಗಸ್ಟ್ ದಾಗ, ಮತ್ತ 2021ರ ಜುಲೈದಾಗ ಯಮಗರ್ಣಿ ಹತ್ತಿರ ಹೆದ್ದಾರಿನ ನೀರಾಗ ಹೋಗಿ ಪುಣೆ-ಬೆಂಗಳೂರು ಗಾಡಿ ಎಲ್ಲಾ ನಿಂತಿದ್ವು. ಕಲ್ಲೋಳ-ಯಡೂರ ಸೇತುವೆ ಅಂತೂ ಮಳಿಗಾಲ ಬಂತಂದ್ರ ಮುಳುಗೂದ. ದನಾ ಕರಾ, ಕಾಳು ಕಡಿ ಎತ್ತೂ ಗದ್ದಲದಾಗ ಸ್ಕೂಟರ್ ಅಂಗಳದಾಗ ಉಳೀತಾವು. ನೀರ ಇಳದ ಮ್ಯಾಲ ಬಂದವರು ಮೊದಲ ಮಾಡೂದು ಏನು? ಕೀಲಿ ಹಾಕಿ ಬಟನ್ ಒತ್ತೂದು, ಚಾಲೂ ಆಗ್ತೇತೇನು ಅಂತ. ಅದನ್ನ ಒಟ್ಟ ಮಾಡಬ್ಯಾಡ್ರಿ. ಕಡ್ಡಿ ತಗೀರಿ. ಎಣ್ಣಿ ಹಾಲ ಹಾಕಿದ ಚಹಾದ ಬಣ್ಣಕ್ಕ ಬಂದಿದ್ರ ಒಳಗ ನೀರು ಕೂಡೇತಿ. ಹಂಗ ಚಾಲೂ ಮಾಡಿದ್ರ ಒಳಗಿನ ಲೋಹಕ್ಕ ಲೋಹ ತಿಕ್ಕತೇತಿ, ಸಿಲಿಂಡರಿನ್ಯಾಗ ನೀರಿದ್ರ ಕನೆಕ್ಟಿಂಗ್ ರಾಡ್ ಬಾಗತೇತಿ. ಗಾಡಿ ತಳ್ಳಿಕೊಂಡ ಹೋಗಿ ಮೇಸ್ತ್ರಿಗೆ "ಎಣ್ಣ್ಯಾಗ ನೀರ ಐತಿ, ಚಾಲೂ ಮಾಡಿಲ್ಲ" ಅಂತ ಹೇಳ್ರಿ. ಆ ಒಂದು ಮಾತಿಗೆ ಅಂವ ನಿಮ್ಮನ್ನ ನೋಡೂ ರೀತಿನ ಬದಲಿ ಆಗ್ತೇತಿ. ಹಳೆ ಎಣ್ಣಿ ಇಳಿಸಿ, ಹೊಸಾದು ಹಾಕಿ ತೊಳದು, ಮತ್ತ ಹೊಸಾದು ಹಾಕತಾನ, ಎಂಜಿನ್ ಉಳೀತೇತಿ.

ಈಗ ನನ್ನ ಮಾತಿನ ಕಷ್ಟದ ಭಾಗ. ಎಣ್ಣಿ ಬದಲಿಸೂದು ಕಠಿಣ ಅಲ್ಲ, ಇಳಿಸಿದ ಎಣ್ಣಿ ಎಲ್ಲಿ ಹಾಕೂದು ಅನ್ನೂದ ಕಠಿಣ. ನಮ್ಮ ಮನೆಗೋಳದಾಗ ಅದು ಏನೇನಕ್ಕ ಹೋಗತೇತಿ ಹೇಳ್ಲಿ? ಗೆದ್ದಲಿಗೆ ಅಂತ ಚೌಕಟ್ಟಿಗೆ, ಸ್ಲ್ಯಾಬಿನ ತಗಡಿಗೆ, ಬಂಡಿ ಗಾಲಿಗೆ. ನಾಯಿಗೆ ತುರಿಕಿ ಆತಂದ್ರ ಮೈತುಂಬ ಬಳೀತಾರ, ದನದ ಉಣ್ಣಿಗೂ ಅದ. ಅವು ಮೈ ನೆಕ್ಕತಾವ್ರಿ! ಸುಟ್ಟ ಎಣ್ಣ್ಯಾಗ ಲೋಹದ ಪುಡಿ, ಮಸಿ, ವಿಷ ಎಲ್ಲಾ ಇರ್ತೇತಿ, ಚರ್ಮದ ಒಳಗೂ ಇಳಿತೇತಿ. ದಿನಾ ಅದರಾಗ ಕೈ ಅದ್ದೂವರಿಗೆ ಚರ್ಮದ ಕ್ಯಾನ್ಸರಿನ ಅಂಜಿಕಿ ಐತಿ, ಅದಕ್ಕ ಕೈಚೀಲ ಅಂದೆ. ಉಳಿದದ್ದು ಗಟಾರಕ್ಕ. ಗಟಾರದ್ದು ಹಳ್ಳಕ್ಕ, ಹಳ್ಳದ್ದು ಹೊಳಿಗೆ, ಹೊಳಿಂದು ಕೆಳಗಿನ ಊರಿನ ನಳಕ್ಕ. ಅಮೆರಿಕಾದ ಪರಿಸರ ಇಲಾಖೆ ಒಂದು ಲೆಕ್ಕಾ ಹೇಳತೇತಿ: ಕಾರಿನ ಒಂದ ಸಲದ ಎಣ್ಣಿ 10 ಲಕ್ಷ ಗ್ಯಾಲನ್, ಅಂದ್ರ ಸುಮಾರು 38 ಲಕ್ಷ ಲೀಟರ್ ಸಿಹಿನೀರು ಕೆಡಿಸಬಹುದು. ನಮ್ಮ ಸ್ಕೂಟರಿಂದು ಅದರ ಐದನೇ ಪಾಲು ಅಂದ್ರೂ ಒಂದು ಬಾವಿಗೆ ಹೆಚ್ಚಾತು.

ಆ ಹುಡುಗ ಏನ ಮಾಡ್ತಾನ ಅಂತ ಕೇಳಿದೆ. ಹಳೆ ಎಣ್ಣಿ ಡಬ್ಬಿಗೆ ತುಂಬಿ, ಬಿಡಿಭಾಗದ ಅಂಗಡಿಗೆ ಒಯ್ದ ಕೊಟ್ಟ ಬರ್ತಾನಂತ, ಅವರು ಪುಕ್ಕಟ ತಗೋತಾರ. ವಿಡಿಯೋದಾಗ ಅದೊಂದ ಇರಲಿಲ್ಲ ನೋಡ್ರಿ. ನಮ್ಮಲ್ಲಿ ಕಾಯ್ದೆ ಇಲ್ಲ ಅಂತಲ್ಲ. ಹಳೆ ಎಣ್ಣಿನ ಸರಕಾರ ಅಪಾಯದ ಕಸಾ ಅಂತ ಲೆಕ್ಕಾ ಹಿಡಿತೇತಿ, 2024ರ ಎಪ್ರಿಲ್ 1ರಿಂದ ಎಣ್ಣಿ ಮಾಡೂ ಕಂಪನಿಗೋಳ ಮ್ಯಾಲ ಅದನ್ನ ಹೊಳ್ಳಿ ಶುದ್ಧ ಮಾಡಸೂ ಜವಾಬ್ದಾರಿ ಹಾಕೇತಿ. ಎಣ್ಣಿ ಸವಿಯೂದಿಲ್ರಿ, ಹೊಲಸ ಆಗ್ತೇತಿ ಅಷ್ಟ. ಶುದ್ಧ ಮಾಡಿದ್ರ ಮತ್ತ ಎಣ್ಣಿನ. ಕಾಯ್ದೆ ದಿಲ್ಲಿಯಿಂದ ನಮ್ಮ ಓಣಿ ತನಕಾ ಬರಾಕ ಟೈಮ್ ಹಿಡಿತೇತಿ, ಅಲ್ಲೀತನಕಾ ಡಬ್ಬಿ ನಮ್ಮ ಕೈಯಾಗ. ಅದಕ್ಕ ನನ್ನ ಮತ ಖಡಾಖಂಡಿತ: ಹಳೆ ಎಣ್ಣಿ ಮುಚ್ಚಳದ ಡಬ್ಬ್ಯಾಗ ಕೂಡಿಟ್ಟು, ನೀರು, ಪೆಟ್ರೋಲು ಕೂಡಿಸಲಾರದ, ಡ್ರಮ್ ಇಟ್ಟ ಗ್ಯಾರೇಜಿಗೆ ಮುಟ್ಟಸಾಕ ಆಗೂವರು ಮಾತ್ರ ಮನ್ಯಾಗ ಬದಲಿ ಮಾಡ್ರಿ. ಆಗೂದಿಲ್ಲ ಅಂದ್ರ ಗ್ಯಾರೇಜಿಗೇ ಹೋಗ್ರಿ, ಕಡ್ಡಿ ಮಾತ್ರ ನೀವ ನೋಡ್ರಿ.

"ಇರೂ ಕೆಲಸಾ ಸಾಲಲಾರದ್ದಕ್ಕ ಇದೂ ಒಂದು ನಮ್ಮ ತಲಿ ಮ್ಯಾಲ ಹಾಕ್ತೀಯೇನ?" ಅಂತ ನಮ್ಮ ವೈನಿ ಕೇಳಿದ್ರು. ಆ ಮಾತಿನ್ಯಾಗ ಸತ್ಯ ಐತಿ, ನಾ ಅಲ್ಲಗಳಿಯೂದಿಲ್ಲ. ರೊಟ್ಟಿ ಬಡಿಯೂದೂ ನಾವ, ಗಂಡಸರ ಅಂಗಿ ಮ್ಯಾಲಿನ ಎಣ್ಣಿ ಕಲಿ ತಿಕ್ಕೂದೂ ನಾವ, ಈಗ ಎಣ್ಣಿನೂ ನಾವೇನು? ಆದರ ಮಾಡೂದು ಬ್ಯಾರೆ, ತಿಳಿಯೂದು ಬ್ಯಾರೆ. ಬದಲಿ ಮಾಡಸಾಕ ಮಗನ್ನ ಹಚ್ರಿ, ಮಗಳನ್ನೂ ಹಚ್ರಿ, ಮನಿಯವರನ್ನ ಹಚ್ರಿ, ರೊಕ್ಕಾ ಕೊಟ್ಟ ಮೇಸ್ತ್ರಿನ್ನ ಹಚ್ರಿ. ಮೇಸ್ತ್ರಿ ಹೊಟ್ಟಿ ಮ್ಯಾಲ ಹೊಡಿಯೂ ವಿಚಾರ ನನಗಿಲ್ಲ. ಚೊಲೋ ಮೇಸ್ತ್ರಿಗೆ ಕಡ್ಡಿ ನೋಡೂ ಗಿರಾಕಿ ಕಂಡ್ರ ಸಂತೋಷನ ಆಗ್ತೇತಿ. ಆದರ ಮಾಡಿದ್ದು ಖರೆ ಆತೋ ಇಲ್ಲೋ ಅನ್ನೂದನ್ನ ಆ ಗಾಡಿ ಮ್ಯಾಲ ಕತ್ತಲ್ಯಾಗ ಒಬ್ಬಾಕಿನ ಬರೂವಾಕಿ ನೋಡಬೇಕು. ಅದನ್ನ ಇನ್ನೊಬ್ಬರ ಕಡೆ ಬಿಡಾಕ ಬರೂದಿಲ್ಲ.

ನಮ್ಮ ಹಿತ್ತಲದಾಗ ಐದ ಲೀಟರಿನ ಡಬ್ಬಿ ಮುಕ್ಕಾಲ ತುಂಬೇತಿ. ಬಾಜೂ ಮನಿ ಎರಡ ಗಾಡಿ ಎಣ್ಣಿನೂ ಅದರಾಗ ಐತಿ. ಗ್ಯಾರೇಜಿನಂವ ತಗೋತೀನಿ ಅಂದಾನ. "ನಿನ್ನ ಡ್ರಮ್ ಎಲ್ಲಿಗೆ ಹೋಗತೇತಪಾ?" ಅಂತ ಕೇಳಿದ್ರ ಮೊದಲ ನಕ್ಕ, ಆ ಮ್ಯಾಲ ಒಯ್ಯಾಂವನ ಫೋನ್ ನಂಬರ್ ಕೊಟ್ಟ. ಐತವಾರ ಮಧ್ಯಾಹ್ನ ಅವಗ ಫೋನ್ ಮಾಡಾಂವಕ್ಕಿ ಅದೀನಿ. ಮಳಿಗಾಲಕ್ಕ ಮೊದಲ ಯಾರದರ ಗಾಡಿ ಎಣ್ಣಿ ಬದಲಿ ಮಾಡೂದಿದ್ರ ಪಾನಾ ನನ್ನ ಕಡೆ ಐತಿ, ಬರೂಮುಂದ ಬೋಗುಣಿ ನಿಮ್ಮದ ತರ್ರಿ.